ಕೊಳ್ಳುಬಾಕತನ ಬೇಡವೆಂದ ಹಿಪ್ಪಿಗಳ ನಾಡಲ್ಲೇ ಪರ್ಸನಲ್ ಕಂಪ್ಯೂಟರ್ ಹುಟ್ಟಿದ್ದು ಹೇಗೆ? ಆ ಆದರ್ಶದಿಂದ ನನ್ನ ಹಳೇ ಲ್ಯಾಪ್‌ಟಾಪ್‌ಗೆ ಏನು ಪ್ರಯೋಜನ?

ನೀವು ಎರಡು ವಿಷಯ ಕೇಳಿದ್ದೀರಿ. ಹಿಪ್ಪಿಗಳು ಯಂತ್ರಗಳನ್ನೇ ಒಪ್ಪದವರು ಎಂದಾದರೆ ಸಿಲಿಕಾನ್ ವ್ಯಾಲಿಯವರು ಅವರ ಹೆಸರು ಹೇಳುವುದು ಏಕೆ ಎಂಬುದು ಒಂದು. 2014ರಲ್ಲಿ ಕೊಂಡ, 4 ಜಿಬಿ ರ‍್ಯಾಮ್ ಮತ್ತು ಹಾರ್ಡ್ ಡಿಸ್ಕ್ ಇರುವ ಲ್ಯಾಪ್‌ಟಾಪನ್ನು ಅಂಗಡಿಯವರು ಗುಜರಿಗೆ ಹಾಕಿ ಎನ್ನುತ್ತಿದ್ದಾರೆ, ಹೊಸದು ಕೊಳ್ಳದೆ ನಡೆಯುತ್ತದೆಯೇ ಎಂಬುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಜಾಗದಲ್ಲಿದೆ: ಯಂತ್ರದ ಮುಚ್ಚಳವನ್ನು ಅದರ ಒಡೆಯ ತೆಗೆಯಬಹುದೋ ಇಲ್ಲವೋ ಎಂಬಲ್ಲಿ.

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡಿಸೋಣ. ಹಿಪ್ಪಿಗಳೆಲ್ಲ ಯಂತ್ರ ಬಿಟ್ಟು ಕಾಡಿಗೆ ಹೋದವರಲ್ಲ. ಅಮೆರಿಕದ ಕೊಲರಾಡೊದ ಟ್ರಿನಿಡಾಡ್ ಊರಿನ ಬಳಿ 1965ರಲ್ಲಿ ಶುರುವಾದ ಡ್ರಾಪ್ ಸಿಟಿ ಎಂಬ ಹಿಪ್ಪಿ ವಸತಿಯವರು ಗುಜರಿ ಕಾರುಗಳ ಚಾವಣಿಯನ್ನು ಕೊಡಲಿಯಿಂದ ಕಡಿದು ತಂದು ತಮ್ಮ ಗುಮ್ಮಟದ ಮನೆಗಳಿಗೆ ಹೊದಿಸಿದರು. 1968ರಲ್ಲಿ ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಿಂದ ಸ್ಟುವರ್ಟ್ ಬ್ರ್ಯಾಂಡ್ ಹೊರತಂದ 'ಹೋಲ್ ಅರ್ತ್ ಕ್ಯಾಟಲಾಗ್' ಎಂಬ ಉಪಯುಕ್ತ ವಸ್ತುಗಳ ಪರಿಚಯ ಪುಸ್ತಕ ಇಂಥವರಿಗಾಗಿಯೇ ಮಾಡಿದ್ದು. ಅದರಲ್ಲಿ ಒಂದು ವಸ್ತುವಿಗೆ ಜಾಗ ಸಿಗಬೇಕಾದರೆ ಅದು ಉಪಕರಣವಾಗಿ ಕೆಲಸಕ್ಕೆ ಬರಬೇಕು, ಸ್ವಂತ ಕಲಿಕೆಗೆ ಒದಗಬೇಕು, ಗುಣಮಟ್ಟ ಮೇಲಿರಬೇಕು ಅಥವಾ ಬೆಲೆ ಕಡಿಮೆ ಇರಬೇಕು, ಅಂಚೆಯಲ್ಲಿ ತರಿಸಿಕೊಳ್ಳಲು ಬರಬೇಕು. ಮನೆ ಕಟ್ಟುವುದನ್ನು ಕಲಿಸುವ ಪುಸ್ತಕಗಳ ಜೊತೆಗೇ 4,900 ಡಾಲರ್ ಬೆಲೆಯ ಹ್ಯೂಲೆಟ್-ಪ್ಯಾಕರ್ಡ್ 9100ಎ ಕ್ಯಾಲ್ಕುಲೇಟರ್ ಕೂಡ ಮೊದಲ ಸಂಚಿಕೆಯಲ್ಲಿತ್ತು. ಅವರ ಸಿಟ್ಟು ಇದ್ದದ್ದು ಯಂತ್ರದ ಮೇಲಲ್ಲ. ಯಂತ್ರ ದೊಡ್ಡ ಕಂಪನಿಯ, ಸೈನ್ಯದ ಕೈಯಲ್ಲಿ ಮಾತ್ರ ಇರುವುದರ ಮೇಲೆ.

ಕಂಪ್ಯೂಟರ್ ಕಡೆಗಿನ ದಾರಿ ಇಲ್ಲಿಂದಲೇ ಹೊರಟಿತು. 1973ರಲ್ಲಿ ಬರ್ಕ್‌ಲಿಯ ಒಂದು ಗ್ರಾಮಫೋನ್ ರೆಕಾರ್ಡ್ ಅಂಗಡಿಯಲ್ಲಿ ಲೀ ಫೆಲ್ಸೆನ್‌ಸ್ಟೈನ್ ಮತ್ತು ಗೆಳೆಯರು ಟೆಲಿಪ್ರಿಂಟರ್ ಇಟ್ಟು, ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ಕಂಪ್ಯೂಟರ್‌ಗೆ ಫೋನ್ ತಂತಿಯಿಂದ ಜೋಡಿಸಿದರು. ದಾರಿಹೋಕರು ಬಂದು ಅದರಲ್ಲಿ ತಮ್ಮ ಸಂದೇಶ ಹಾಕಬಹುದಿತ್ತು, ಬೇರೆಯವರದು ಹುಡುಕಬಹುದಿತ್ತು. 1975ರ ಮಾರ್ಚ್ 5ರಂದು ಮೆನ್ಲೋ ಪಾರ್ಕ್‌ನ ಒಂದು ಗ್ಯಾರೇಜಿನಲ್ಲಿ ಹೋಮ್‌ಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಅದನ್ನು ಕೂಡಿಸಿದ ಇಬ್ಬರಲ್ಲಿ ಒಬ್ಬರಾದ ಫ್ರೆಡ್ ಮೂರ್ ಯುದ್ಧವಿರೋಧಿ ಕಾರ್ಯಕರ್ತರು. ಅಲ್ಲಿಗೆ ಬಂದಿದ್ದ, ಆಲ್ಟೇರ್ 8800 ಎಂಬ ಕಂಪ್ಯೂಟರಿನ ಮೂಲ ಕಿಟ್‌ನಲ್ಲಿ ಇದ್ದದ್ದು 256 ಬೈಟ್ ಮೆಮೊರಿ. ಕೀಬೋರ್ಡ್ ಇಲ್ಲ, ಪರದೆ ಇಲ್ಲ. ಸ್ವಿಚ್ ಒತ್ತಿ ಮಾಹಿತಿ ತುಂಬಬೇಕು, ದೀಪ ನೋಡಿ ಉತ್ತರ ಓದಬೇಕು. ಆ್ಯಪಲ್ ಕಂಪನಿಯ ಸ್ಥಾಪಕರಲ್ಲಿ ಒಬ್ಬರಾದ ಸ್ಟೀವ್ ವೋಜ್ನಿಯಾಕ್ ತಮ್ಮ ಆ್ಯಪಲ್ 1ರ ಸರ್ಕ್ಯೂಟ್ ನಕ್ಷೆಯನ್ನು ಇದೇ ಕ್ಲಬ್ಬಿನವರಿಗೆ ಹಂಚಿದರು.

ಮುಂದೇನಾಯಿತು ಎಂಬುದನ್ನು ಮುಚ್ಚಳವೇ ಹೇಳುತ್ತದೆ. 1977ರ ಆ್ಯಪಲ್ 2ರ ಮೇಲ್ಮುಚ್ಚಳವನ್ನು ಬರಿಗೈಯಲ್ಲಿ ಎತ್ತಬಹುದಿತ್ತು. ಒಳಗೆ ಬೇಕಾದ ಕಾರ್ಡ್ ಕೂರಿಸಲು 8 ಸ್ಲಾಟ್. ಜೊತೆಗಿನ ಕೈಪಿಡಿಯಲ್ಲಿ ಸರ್ಕ್ಯೂಟ್ ನಕ್ಷೆ. ಏಳೇ ವರ್ಷಕ್ಕೆ, 1984ರಲ್ಲಿ ಬಂದ ಮ್ಯಾಕಿಂಟಾಷ್‌ನಲ್ಲಿ ಒಂದೂ ಸ್ಲಾಟ್ ಇಲ್ಲ, 128 ಕೆಬಿ ಮೆಮೊರಿ ಬೋರ್ಡಿಗೇ ಬೆಸುಗೆ. ಕವಚ ಹಿಡಿದಿದ್ದ ಟಿ15 ಟಾರ್ಕ್ಸ್ (ತಲೆಯಲ್ಲಿ ನಕ್ಷತ್ರದಾಕಾರದ ಕುಳಿ ಇರುವ) ಸ್ಕ್ರೂಗಳಲ್ಲಿ ಎರಡು ಹಿಡಿಕೆಯ ಕೆಳಗಿನ ಆಳದ ತೂತಿನಲ್ಲಿ ಕೂತಿದ್ದವು, ಉದ್ದ ಕಾಂಡದ ಡ್ರೈವರ್ ಇಲ್ಲದೆ ಅಲ್ಲಿಗೆ ಮುಟ್ಟುವ ಹಾಗೇ ಇರಲಿಲ್ಲ. ಎರಡೂ ಒಂದೇ ಕಂಪನಿಯವು. ಹಿಪ್ಪಿ ಆದರ್ಶ ಸೋತಿತು ಎಂದು ಒಟ್ಟಾರೆ ಹೇಳುವವರನ್ನು ನಾನು ಒಪ್ಪುವುದಿಲ್ಲ. ಅದರ ಒಂದು ಭಾಗ, ಅಂದರೆ 'ಯಂತ್ರ ಎಲ್ಲರ ಕೈಗೆ ಸಿಗಲಿ' ಎಂಬುದು ಗೆದ್ದಿತು. 'ಕೈಗೆ ಸಿಕ್ಕಿದ್ದನ್ನು ಬಿಚ್ಚಿ ಅರಿಯಲಿ' ಎಂಬ ಭಾಗವನ್ನು ಮಾರುಕಟ್ಟೆ ಹೊರಗಿಟ್ಟಿತು. ಕೊಳ್ಳುಬಾಕತನ ನುಗ್ಗಿದ್ದು ಆ ಸಂದಿನಿಂದ. ಫೋನನ್ನೇ ನೋಡಿ: ಎರಡು ಮೂರು ವರ್ಷಕ್ಕೆ ಸೊರಗುವ ಲಿಥಿಯಂ ಬ್ಯಾಟರಿಯನ್ನು ಏಳೆಂಟು ವರ್ಷ ಬಾಳಬಲ್ಲ ಬೋರ್ಡ್ ಇರುವ ದೇಹಕ್ಕೆ ಅಂಟು ಹಾಕಿ ಕೂರಿಸುತ್ತಾರೆ. ಇಡೀ ಫೋನಿನ ಆಯಸ್ಸು ಬ್ಯಾಟರಿಯಷ್ಟಕ್ಕೇ ಇಳಿಯುತ್ತದೆ.

ಈಗ ನಿಮ್ಮ ಲ್ಯಾಪ್‌ಟಾಪ್. 2014ರ ಬಹುತೇಕ ಮಾದರಿಗಳು ಬಿಚ್ಚಲು ಬರುವಂಥವು, ಹಾಗಾಗಿ ಎಸೆಯುವ ಮಾತು ಬೇಡ. ನಿಧಾನಕ್ಕೆ ಮುಖ್ಯ ಕಾರಣ ಸಾಮಾನ್ಯವಾಗಿ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ, ಚಿಪ್‌ಗಳ ವೇಗದ ಡಿಸ್ಕ್) ತನ್ನಿ, 240 ಅಥವಾ 256 ಜಿಬಿ ಸಾಕು. ಹಳೇ ಡಿಸ್ಕ್ 9.5 ಮಿ.ಮೀ. ಇದ್ದರೆ ಎಸ್‌ಎಸ್‌ಡಿ ಅಲುಗಾಡುತ್ತದೆ. ಜೊತೆಗೆ ಬರುವ ಪ್ಲಾಸ್ಟಿಕ್ ಚೌಕಟ್ಟು ಅಂಟಿಸಿ.

ರ‍್ಯಾಮ್ ಕೊಳ್ಳುವಾಗ ಹೆಚ್ಚಿನವರು ಎಡವುತ್ತಾರೆ. ಆ ಕಾಲದ ಲ್ಯಾಪ್‌ಟಾಪ್‌ಗೆ ಸಾಮಾನ್ಯವಾಗಿ 204 ಪಿನ್‌ನ ಡಿಡಿಆರ್3ಎಲ್ ಬೇಕು. ಕೊನೆಯ 'ಎಲ್' 1.35 ವೋಲ್ಟ್‌ನದು ಎಂಬುದರ ಗುರುತು. 'ಎಲ್' ಇಲ್ಲದ್ದು 1.5 ವೋಲ್ಟ್‌ನದು, ನೋಡಲು ಹಾಗೇ ಇರುತ್ತದೆ, ಸ್ಲಾಟ್‌ನಲ್ಲೂ ಕೂರುತ್ತದೆ, ಆದರೆ 1.35 ವೋಲ್ಟ್ ಮಾತ್ರ ಕೊಡುವ ಬೋರ್ಡಿನಲ್ಲಿ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹಳೇ ರ‍್ಯಾಮ್ ಸಿಗುತ್ತದೆ. ಬಾಯಲ್ಲಿ ಕೇಳಿ ತರಬೇಡಿ, ಲ್ಯಾಪ್‌ಟಾಪಿನಲ್ಲಿರುವ ರ‍್ಯಾಮ್ ಪಟ್ಟಿಯನ್ನೇ ಕೊಂಡೊಯ್ದು ಅದರ ಮೇಲಿನ ಚೀಟಿ ಹೋಲಿಸಿ. ಒಟ್ಟು 8 ಜಿಬಿ ಆದರೆ ದಿನನಿತ್ಯದ ಕೆಲಸಕ್ಕೆ ಧಾರಾಳ.

ಬಿಚ್ಚುವ ಮೊದಲು ಬೇಕಾದ ಫೈಲುಗಳನ್ನು ಬೇರೆ ಕಡೆ ನಕಲು ಮಾಡಿಕೊಳ್ಳಿ, ಚಾರ್ಜರ್ ಕೀಳಿ, ಬ್ಯಾಟರಿ ತೆಗೆಯಿರಿ, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಒಂದು ಬಿಳಿ ಹಾಳೆಯಲ್ಲಿ ಲ್ಯಾಪ್‌ಟಾಪ್ ತಳದ ಚಿತ್ರ ಬರೆದು, ತೆಗೆದ ಪ್ರತಿ ಸ್ಕ್ರೂವನ್ನು ಅದದೇ ಜಾಗದಲ್ಲಿ ಟೇಪ್ ಹಾಕಿ ಅಂಟಿಸಿ. ಇದು ಅಲಂಕಾರಕ್ಕಲ್ಲ. ಸ್ಕ್ರೂಗಳ ಉದ್ದ ಒಂದೇ ಸಮ ಇರುವುದಿಲ್ಲ, ಗಿಡ್ಡ ಸ್ಕ್ರೂ ಜಾಗಕ್ಕೆ ಅದಕ್ಕಿಂತ ಎರಡು ಮಿ.ಮೀ. ಹೆಚ್ಚು ಉದ್ದದ್ದು ಹೋದರೆ ಬೋರ್ಡಿನ ತಾಮ್ರದ ಗೆರೆ ಕತ್ತರಿಸುತ್ತದೆ, ಅಥವಾ ಮೇಲಿನ ಕವಚ ಉಬ್ಬುತ್ತದೆ. ಪಿಎಚ್0 (ಸಣ್ಣ ಪ್ಲಸ್ ಮೊನೆಯ) ಡ್ರೈವರ್ ಬಹುಪಾಲು ಸ್ಕ್ರೂಗಳಿಗೆ ಹೊಂದುತ್ತದೆ. ಜಾರುತ್ತಿದ್ದರೆ ಬಲ ಹಾಕಬೇಡಿ, ತಲೆ ಸವೆದರೆ ಕೆಲಸ ಮೂರರಷ್ಟಾಗುತ್ತದೆ. ರಬ್ಬರ್ ಕಾಲುಗಳ ಕೆಳಗೆ ಮತ್ತು ಡಿವಿಡಿ ಡ್ರೈವ್ ಪಕ್ಕದಲ್ಲಿ ಅಡಗಿದ ಸ್ಕ್ರೂ ಹುಡುಕಿ. ಮುಚ್ಚಳ ಬರದಿದ್ದರೆ ಎಲ್ಲೋ ಒಂದು ಉಳಿದಿದೆ ಎಂದೇ ಅರ್ಥ. ಅಂಚನ್ನು ಹಳೇ ಎಟಿಎಂ ಕಾರ್ಡಿನಿಂದ ಬಿಡಿಸಿ, ಲೋಹದ ಮೊನೆ ಬೇಡ. ಕೀಬೋರ್ಡಿನ ಚಪ್ಪಟೆ ಕೇಬಲ್ ಎದುರಾದರೆ ಎಳೆಯಬೇಡಿ; ಕನೆಕ್ಟರ್‌ನ ಸಣ್ಣ ಕರಿ ಪಟ್ಟಿಯನ್ನು ಉಗುರಿನಿಂದ ಮೇಲೆತ್ತಿದರೆ ಕೇಬಲ್ ತಾನೇ ಸಡಿಲವಾಗುತ್ತದೆ. ಆ ಪಟ್ಟಿ ಮುರಿದರೆ ಸರಿಪಡಿಸುವುದು ಕಷ್ಟ.

ಫ್ಯಾನ್ ಜೋರಾಗಿ ಕಿರುಚುತ್ತಿದ್ದರೆ ಫ್ಯಾನ್ ಮತ್ತು ತಾಮ್ರದ ರೆಕ್ಕೆಗಳ ನಡುವೆ ಕಂಬಳಿಯಂತೆ ಕೂತ ಧೂಳನ್ನು ತೆಗೆಯಿರಿ. ಗಾಳಿ ಊದುವಾಗ ಫ್ಯಾನನ್ನು ಬೆರಳಲ್ಲಿ ಹಿಡಿಯಿರಿ, ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳು. ಹೀಟ್‌ಸಿಂಕ್ (ಚಿಪ್‌ನ ಶಾಖ ಹೀರುವ ಲೋಹದ ಭಾಗ) ಎತ್ತಿದರೆ, ಚಿಪ್‌ನಿಂದ ಅದಕ್ಕೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಾಕಲೇಬೇಕು: ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಚಿಪ್ ನಡುವೆ ಒಂದು ಅಕ್ಕಿಕಾಳಿನಷ್ಟು ಹಾಕಿ, ಹೀಟ್‌ಸಿಂಕ್ ಮೇಲೆ ಅಚ್ಚಾದ ಸಂಖ್ಯೆಯ ಕ್ರಮದಲ್ಲಿ ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಪೂರ್ತಿ ಬಿಗಿದರೆ ಚಿಪ್‌ನ ಮೂಲೆ ಒಡೆಯಬಹುದು. ಮೆತ್ತನೆಯ ಥರ್ಮಲ್ ಪ್ಯಾಡ್ ಇದ್ದರೆ ಅದನ್ನು ಕಿತ್ತು ಪೇಸ್ಟ್ ಹಾಕಬೇಡಿ. ಅಲ್ಲಿನ ಅಂತರ ಪೇಸ್ಟ್‌ನಿಂದ ತುಂಬುವುದಿಲ್ಲ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ವಿಂಡೋಸ್ 11 ನಿಮ್ಮ ಪ್ರೊಸೆಸರನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಒಳ್ಳೆಯ ಲ್ಯಾಪ್‌ಟಾಪ್‌ಗಳು ರಾಶಿರಾಶಿ ಗುಜರಿಗೆ ಹೋಗಲು ಈಗ ಇದೇ ದೊಡ್ಡ ಕಾರಣ, ಇದು ನನಗೆ ನಿಜಕ್ಕೂ ಬೇಸರದ ಸಂಗತಿ. 8 ಜಿಬಿ ಪೆನ್‌ಡ್ರೈವ್‌ನಲ್ಲಿ, ವಿಂಡೋಸ್ ಬದಲು ಬಳಸಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ, ಇನ್‌ಸ್ಟಾಲ್ ಮಾಡುವ ಮೊದಲು ಪೆನ್‌ಡ್ರೈವ್‌ನಿಂದಲೇ ನಡೆಸಿ ವೈ-ಫೈ, ಸೌಂಡ್, ಕ್ಯಾಮೆರಾ ಪರೀಕ್ಷಿಸಿ. ಬ್ರಾಡ್‌ಕಾಮ್ ವೈ-ಫೈ ಚಿಪ್ ಇದ್ದರೆ ಮೊದಲಿಗೆ ಕೆಲಸ ಮಾಡದಿರಬಹುದು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಜೋಡಿಸಿ ಟೆದರಿಂಗ್ (ಫೋನಿನ ಇಂಟರ್ನೆಟ್ ಹಂಚುವ ಸೌಲಭ್ಯ) ಆನ್ ಮಾಡಿ, ಡ್ರೈವರ್ ಮ್ಯಾನೇಜರ್‌ನಿಂದ ಡ್ರೈವರ್ ಇಳಿಸಿಕೊಳ್ಳಿ. ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಕೀಲಿಮಣೆ ತಂತ್ರಾಂಶದ ಜೊತೆ ಎಂ17ಎನ್ ಪ್ಯಾಕೇಜ್ ಹಾಕಿ ಕೆಜಿಪಿ ಆಯ್ದರೆ ನುಡಿ ಕೀಲಿಮಣೆ ವಿನ್ಯಾಸವೇ ಸಿಗುತ್ತದೆ.

ಬ್ಯಾಟರಿ ಉಬ್ಬಿದ್ದರೆ ಆ ಕ್ಷಣವೇ ಬಳಕೆ ನಿಲ್ಲಿಸಿ. ಒತ್ತಬಾರದು, ಚುಚ್ಚಬಾರದು, ಚಾರ್ಜ್ ಮಾಡಬಾರದು. ಟರ್ಮಿನಲ್‌ಗಳಿಗೆ ಟೇಪ್ ಸುತ್ತಿ, ಮರಳು ತುಂಬಿದ ಲೋಹದ ಡಬ್ಬಿಯಲ್ಲಿಟ್ಟು, ಅಧಿಕೃತ ಇ-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಮನೆಯ ಕಸದಲ್ಲಿ ಹಾಕಿದರೆ ಕಸದ ಲಾರಿಯಲ್ಲೇ ಹೊತ್ತಿಕೊಳ್ಳುವ ಅಪಾಯ ಇದೆ.

ಬೋರ್ಡೇ ಸುಟ್ಟಿದ್ದು ಹೊಸದು ಕೊಳ್ಳಲೇಬೇಕಾದರೆ, ಹಣ ಕೊಡುವ ಮೊದಲು ಆ ಮಾದರಿಯ ಸರ್ವಿಸ್ ಮ್ಯಾನುಯಲ್ ಎಲ್ಲರಿಗೂ ಸಿಗುತ್ತದೆಯೇ ನೋಡಿ. ರ‍್ಯಾಮ್ ಸ್ಲಾಟ್‌ನಲ್ಲಿದೆಯೋ ಬೆಸುಗೆಯಲ್ಲಿದೆಯೋ, ಬ್ಯಾಟರಿ ಸ್ಕ್ರೂನಲ್ಲಿ ನಿಂತಿದೆಯೋ ಅಂಟಿನಲ್ಲೋ ಎಂಬುದು ಅದರಲ್ಲೇ ತಿಳಿಯುತ್ತದೆ. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಶುರು ಮಾಡಿದ ರೈಟ್ ಟು ರಿಪೇರಿ ಪೋರ್ಟಲ್‌ನಲ್ಲಿ ಹಲವು ಕಂಪನಿಗಳ ದುರಸ್ತಿ ಮಾಹಿತಿ ಒಟ್ಟಿಗೆ ಇದೆ. ಯುರೋಪ್ ಒಕ್ಕೂಟದ ಕಾನೂನಿನ ಪ್ರಕಾರ 2027ರ ಫೆಬ್ರವರಿ 18ರಿಂದ, ಕೆಲವು ವಿನಾಯಿತಿ ಬಿಟ್ಟರೆ, ಅಲ್ಲಿ ಮಾರುವ ಉಪಕರಣಗಳ ಬ್ಯಾಟರಿ ಬಳಕೆದಾರರೇ ಬದಲಿಸಲು ಬರುವಂತಿರಬೇಕು. ಫೋನ್ ಕೊಳ್ಳಲು ಅವಸರವಿಲ್ಲದಿದ್ದರೆ ಆ ನಿಯಮಕ್ಕೆ ಹೊಂದುವ ಮಾದರಿ ಇಲ್ಲಿಗೂ ಬರುತ್ತದೆಯೇ ಎಂದು ಕಾದು ನೋಡಿ, ಅಲ್ಲಿಯವರೆಗೆ ಹಳೆಯದಕ್ಕೆ ಹೊಸ ಬ್ಯಾಟರಿ ಹಾಕಿಸಿ.