ಟರ್ಬೊ ಬದಲಿಸುವ ಮೊದಲು ಹೋಸ್ ನೋಡಿ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಟರ್ಬೊ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಪೆಟ್ರೋಲ್ ಕಾರುಗಳ ಬಗ್ಗೆ ಬಂದ ಪತ್ರಗಳನ್ನೆಲ್ಲ ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಹೆಚ್ಚಿನವರ ಪ್ರಶ್ನೆ ‘ಯಾವ ಪಾರ್ಟ್ ಹಾಕಿಸಲಿ?’ ಎಂಬುದು. ಈಗಿರುವುದು ನೆಟ್ಟಗೆ ಕೆಲಸ ಮಾಡುತ್ತಿದೆಯೇ ಎಂದು ಕೇಳಿದವರು ಒಬ್ಬರೇ. ಅವರಿಂದಲೇ ಶುರು ಮಾಡೋಣ.

ನನ್ನದು 2012ರ ಫಿಯೆಟ್ ಲೀನಿಯಾ ಟಿ-ಜೆಟ್. ಒಂದು ಲಕ್ಷ ಕಿ.ಮೀ. ದಾಟಿದೆ. ಶಿರಾಡಿ ಘಾಟಿ ಹತ್ತುವಾಗ ಮೊದಲಿನ ಪಿಕಪ್ ಇಲ್ಲ. ಆಕ್ಸಿಲರೇಟರ್ ಒತ್ತಿದರೆ ಸೀಟಿ ಹೊಡೆದಂತೆ ಸದ್ದು. ಗ್ಯಾರೇಜಿನವರು ಟರ್ಬೊ ಹೋಗಿದೆ, ಬದಲಿಸಬೇಕು ಅಂತಾರೆ. ಮನೆಯಲ್ಲೇ ಏನಾದರೂ ಪರೀಕ್ಷೆ ಮಾಡಿ ನೋಡಬಹುದಾ ಸರ್? (ಹಾಸನ)

ಖಂಡಿತ ಮಾಡಬಹುದು. ದುಡ್ಡು ಕೊಡುವ ಮೊದಲು ಮಾಡಲೇಬೇಕು. ಫಿಯೆಟ್ ಕಾರುಗಳ ಮಾರಾಟ ನಮ್ಮಲ್ಲಿ ನಿಂತು ವರ್ಷಗಳೇ ಆದವು, ಒಳ್ಳೆಯ ಟರ್ಬೊ ಹುಡುಕುವುದೇ ಒಂದು ಸಾಹಸ.

ಸೀಟಿ ಸದ್ದು, ಪಿಕಪ್ ಕಡಿಮೆ, ಹೊಗೆ ಇಲ್ಲ. ಈ ಮೂರೂ ಒಟ್ಟಿಗೆ ಇದ್ದರೆ ನನ್ನ ಮೊದಲ ಅನುಮಾನ ಟರ್ಬೊ ಮೇಲಲ್ಲ, ಅದರಿಂದ ಎಂಜಿನ್‌ವರೆಗೆ ಗಾಳಿ ಒಯ್ಯುವ ಹೋಸ್‌ಗಳ ಮೇಲೆ. ಟರ್ಬೊ ಒತ್ತಿ ಕಳಿಸಿದ ಗಾಳಿ ಇಂಟರ್‌ಕೂಲರ್ (ಆ ಗಾಳಿಯನ್ನು ತಣಿಸುವ ಭಾಗ) ಹಾದು ಥ್ರಾಟಲ್ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತಲುಪುವಷ್ಟರಲ್ಲಿ ಹಲವು ಜೋಡಣೆ ದಾಟಬೇಕು. ಹತ್ತು ವರ್ಷ ಬಿಸಿಯಲ್ಲಿ ಬೆಂದ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ, ಕ್ಲಾಂಪ್ ಸಡಿಲವಾಗಿರುತ್ತದೆ. ಐಡಲ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಏರಿದಾಗ ಮಾತ್ರ ಬಿರುಕು ಬಾಯಿ ಬಿಡುತ್ತದೆ.

ಪರೀಕ್ಷೆ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಲಿ, ಇಗ್ನಿಶನ್ ಆಫ್ ಇರಲಿ. ಏರ್‌ಫಿಲ್ಟರ್ ಕಡೆಯಿಂದ ಟರ್ಬೊಗೆ ಬರುವ ಹೋಸ್ ಬಿಚ್ಚಿ, ಆ ಬಾಯಿಗೆ ಸರಿಹೊಂದುವ ಲೋಹದ ಮುಚ್ಚಳಕ್ಕೆ ಟೈರ್ ವಾಲ್ವ್ ಕೂರಿಸಿ ಬಿಗಿಯಿರಿ. ಕ್ರ್ಯಾಂಕ್‌ಕೇಸ್‌ನಿಂದ (ಎಂಜಿನ್ನಿನ ಕೆಳಹೊಟ್ಟೆಯಿಂದ) ಇನ್‌ಟೇಕ್‌ಗೆ (ಗಾಳಿ ಒಳಸೇರುವ ದಾರಿಗೆ) ಬರುವ ಸಣ್ಣ ಬ್ರೀದರ್ ಪೈಪನ್ನು ಬೇರ್ಪಡಿಸಿ, ಇನ್‌ಟೇಕ್ ಕಡೆಯ ತೂತನ್ನು ಮುಚ್ಚಿ. ಇಲ್ಲದಿದ್ದರೆ ಗಾಳಿ ಎಂಜಿನ್ ಹೊಟ್ಟೆಗೆ ನುಗ್ಗಿ ಆಯಿಲ್ ಸೀಲ್‌ಗಳನ್ನು ಹೊರಗೆ ತಳ್ಳೀತು. ಆಮೇಲೆ ರೆಗ್ಯುಲೇಟರ್ ಇರುವ ಕಂಪ್ರೆಸರ್‌ನಿಂದ ನಿಧಾನವಾಗಿ 0.3 ಬಾರ್, ಹೆಚ್ಚೆಂದರೆ 0.5 ಬಾರ್ ಗಾಳಿ ಕೊಡಿ. ಪಂಕ್ಚರ್ ಅಂಗಡಿಯ ಪೈಪನ್ನು ನೇರವಾಗಿ ಸಿಕ್ಕಿಸುವ ಯೋಚನೆ ಬೇಡ, ಅದರ ಟ್ಯಾಂಕಿನಲ್ಲಿ ಇದರ ಹತ್ತಿಪ್ಪತ್ತು ಪಟ್ಟು ಒತ್ತಡ ಇರುತ್ತದೆ. ಮುಚ್ಚಳದ ಎದುರಿಗೆ ಮುಖ ಇಟ್ಟು ನಿಲ್ಲಬೇಡಿ.

ಈಗ ಸಾಬೂನು ನೀರನ್ನು ಸ್ಪ್ರೇ ಬಾಟಲಿಯಲ್ಲಿ ತುಂಬಿ ಒಂದೊಂದೇ ಜೋಡಣೆಗೆ ಹೊಡೆಯುತ್ತ ಹೋಗಿ. ದೊಡ್ಡ ಸೋರಿಕೆ ಕಿವಿಗೇ ಕೇಳಿಸುತ್ತದೆ. ಸಣ್ಣದಾದರೆ ಕ್ಲಾಂಪಿನ ಅಂಚಿನಲ್ಲಿ ನೊರೆ ಉಬ್ಬುತ್ತ ಬರುತ್ತದೆ. ಮೂರು ಜಾಗ ಬಿಡದೆ ನೋಡಿ: ಹೋಸ್ ಬಾಗುವಲ್ಲಿ ಕೆಳಗಡೆ (ಮೇಲಿಂದ ಕಾಣುವುದಿಲ್ಲ, ಕನ್ನಡಿ ಹಿಡಿಯಬೇಕು), ಇಂಟರ್‌ಕೂಲರ್‌ನ ಅಲ್ಯುಮಿನಿಯಂಗೆ ಪ್ಲಾಸ್ಟಿಕ್ ತುದಿ ಸೇರುವಲ್ಲಿ, ಮತ್ತು ಡೈವರ್ಟರ್ ವಾಲ್ವ್‌ನಲ್ಲಿ (ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚಾದ ಗಾಳಿಯನ್ನು ಹಿಂದಕ್ಕೆ ತಿರುಗಿಸುವುದು ಇದು). ಥ್ರಾಟಲ್ ಒಳಗಿನಿಂದ ಸಣ್ಣಗೆ ಗಾಳಿ ಹಾಯುವ ಸದ್ದು ಬಂದರೆ ಗಾಬರಿ ಬೇಡ, ಯಾವುದೋ ಸಿಲಿಂಡರಿನ ವಾಲ್ವ್ ತೆರೆದಿರುತ್ತದೆ.

ಹೋಸ್ ಬಿಚ್ಚಿದಾಗಲೇ ಟರ್ಬೊ ಶಾಫ್ಟನ್ನೂ ಬೆರಳಲ್ಲಿ ಹಿಡಿದು ನೋಡಿ. ಪಕ್ಕಕ್ಕೆ ಕೊಂಚ ಅಲುಗಿದರೆ ಸಹಜ, ಎಂಜಿನ್ ಓಡುವಾಗ ಆ ಜಾಗವನ್ನು ಆಯಿಲ್ ಪದರ ತುಂಬುತ್ತದೆ. ಮುಂದಕ್ಕೆ ಹಿಂದಕ್ಕೆ ಆಟ ಕೈಗೆ ಸಿಕ್ಕರೆ, ಇಲ್ಲವೇ ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತು ಕಂಡರೆ ಗ್ಯಾರೇಜಿನವರ ಮಾತು ನಿಜ. ಪೈಪಿನೊಳಗೆ ತೆಳುವಾಗಿ ಆಯಿಲ್ ಸವರಿದಂತಿದ್ದರೆ ಚಿಂತೆಯಿಲ್ಲ, ಮಡುಗಟ್ಟಿ ನಿಂತಿದ್ದರೆ ಯೋಚಿಸಬೇಕು. ಆಗಲೂ ಮೊದಲು ಬ್ರೀದರ್ ಪೈಪು ಕಟ್ಟಿಕೊಂಡಿದೆಯೇ ನೋಡಿ. ಕ್ರ್ಯಾಂಕ್‌ಕೇಸ್‌ನಲ್ಲಿ ಒತ್ತಡ ಹೆಚ್ಚಿದರೆ ಟರ್ಬೊದ ಆಯಿಲ್ ಕೆಳಗೆ ಇಳಿಯಲಾರದೆ ಸೀಲ್ ದಾಟಿ ಬರುತ್ತದೆ, ಒಳ್ಳೆಯ ಟರ್ಬೊ ಮೇಲೆ ಸುಮ್ಮನೆ ಅಪವಾದ ಬರುತ್ತದೆ.

2016ರ ಪೋಲೊ ಜಿಟಿ ಟಿಎಸ್‌ಐ, 1.2 ಲೀಟರ್, ಡಿಎಸ್‌ಜಿ. 80 ಸಾವಿರ ಕಿ.ಮೀ. ಓಡಿದೆ. ಗೆಳೆಯನೊಬ್ಬ ಆನ್‌ಲೈನ್‌ನಲ್ಲಿ ಸ್ಟೇಜ್ 1 ಫೈಲ್ ಸಿಗುತ್ತೆ, ಕೇಬಲ್ ಇದ್ದರೆ ಮನೆಯಲ್ಲೇ ಹಾಕಿಕೊಳ್ಳಬಹುದು ಅಂತಾನೆ. ಹಾಕಲಾ? (ಬೆಂಗಳೂರು)

ಆ ಫೈಲನ್ನು ಹಾಕಬೇಡಿ. ರೀಮ್ಯಾಪ್, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿನ (ಇಸಿಯು) ಲೆಕ್ಕವನ್ನು ಹೆಚ್ಚು ಪವರ್‌ಗಾಗಿ ಇಂಥ ಫೈಲ್ ಹಾಕಿ ತಿದ್ದುವುದು, ಬೇಕೇ ಎಂಬುದನ್ನು ಆಮೇಲೆ ನೋಡೋಣ.

ಕಂಪನಿ ಕೊಟ್ಟ ಲೆಕ್ಕದಲ್ಲಿ ನಿಮ್ಮ ಕಾರಿನದು 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ). ಏಳು ಗೇರಿನ ಆ ಡಿಎಸ್‌ಜಿ (ಎರಡು ಕ್ಲಚ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಒಣ ಕ್ಲಚ್‌ನದು, ತಾಳಿಕೆ 250 ನ್ಯೂಟನ್ ಮೀಟರ್‌ವರೆಗೆ ಅಂತ ಹೆಸರು. ಕಾಗದದ ಮೇಲೆ ಜಾಗ ಇದೆ. ಆದರೆ ಆ ಅಂಕಿ ಹೊಸ ಕ್ಲಚ್‌ಗೆ. ನಿಮ್ಮ ಕ್ಲಚ್ 80 ಸಾವಿರ ಕಿ.ಮೀ. ಸಿಲ್ಕ್‌ಬೋರ್ಡ್ ಟ್ರಾಫಿಕ್ಕಿನಲ್ಲಿ ತೆವಳಿದೆ. ಒಣ ಕ್ಲಚ್‌ಗೆ ತೆವಳುವುದಕ್ಕಿಂತ ದೊಡ್ಡ ಶತ್ರು ಇಲ್ಲ. ಮುಂದಿನ ಗಾಡಿ ಎರಡು ಅಡಿ ಸರಿದ ಕೂಡಲೇ ನೀವೂ ಸರಿಯಬೇಡಿ, ಅಂತರ ಬಿಟ್ಟು ಒಮ್ಮೆಗೆ ಹೋಗಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಗಾಡಿ ನಿಲ್ಲಿಸಿಕೊಳ್ಳಬೇಡಿ, ಬ್ರೇಕ್ ಹಿಡಿಯಿರಿ. ಒಂದು–ಎರಡನೇ ಗೇರ್ ನಡುವೆ ಈಗಲೇ ನಡುಕ ಇದ್ದರೆ ರೀಮ್ಯಾಪ್ ದುಡ್ಡನ್ನು ಕ್ಲಚ್‌ಗೆ ಎತ್ತಿಡಿ.

ಇನ್ನು ಸಿದ್ಧ ಫೈಲ್ ಯಾಕೆ ಬೇಡ ಎಂಬುದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿನ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತನೇ ಒಂದರಷ್ಟು ಕಡಿಮೆ. ಟರ್ಬೊ ಇಲ್ಲದ ಕಾರಾದರೆ ಅಷ್ಟೇ ಶಕ್ತಿ ಕಳೆದುಕೊಂಡು ಸುಮ್ಮನಾಗುತ್ತದೆ. ನಿಮ್ಮ ಇಸಿಯು ಸುಮ್ಮನಾಗುವುದಿಲ್ಲ. ಕೊರತೆ ತುಂಬಲು ಟರ್ಬೊವನ್ನು ಇನ್ನಷ್ಟು ಜೋರಾಗಿ ತಿರುಗಿಸುತ್ತದೆ. ಸಣ್ಣ ಟರ್ಬೊಗಳ ಶಾಫ್ಟ್ ನಿಮಿಷಕ್ಕೆ 2 ಲಕ್ಷ ಸುತ್ತಿನ ಆಸುಪಾಸು ಓಡುವಂಥದ್ದು. ಒಳ್ಳೆಯ ಪೆಟ್ರೋಲ್ ಸಿಗುವ, ತಂಪು ಹವೆಯ ಯಾವುದೋ ದೇಶದಲ್ಲಿ ಬರೆದ ಫೈಲ್ ನಿಮ್ಮ ಏಪ್ರಿಲ್ ತಿಂಗಳ ಮಧ್ಯಾಹ್ನದ ಲೆಕ್ಕ ಇಟ್ಟುಕೊಂಡಿರುವುದಿಲ್ಲ.

ಮೊದಲು ಅಳೆಯಿರಿ. ಈ ಕಾರಿಗೆ ಹೊಂದುವ ಡಯಾಗ್ನೋಸ್ಟಿಕ್ ಕೇಬಲ್ ಸಿಗುತ್ತದೆ, ಮನೆಯಲ್ಲಿ ಕಾರಿನ ಕೆಲಸ ಮಾಡುವವರಿಗೆ ಪಾನಾ ಸೆಟ್‌ಗಿಂತ ಅದೇ ಮುಖ್ಯ. ಡೈನೊದಲ್ಲಿ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಓಡಿಸಿ ಲಾಗ್ ಮಾಡಿದರೆ, ಅಂದರೆ ಅಂಕಿಗಳನ್ನು ದಾಖಲಿಸಿಕೊಂಡರೆ ಉತ್ತಮ. ರಸ್ತೆಯಲ್ಲೇ ಆಗಬೇಕಾದರೆ ಖಾಲಿ ಏರುದಾರಿ, ಎರಡನೇ ಗೇರ್, ಲ್ಯಾಪ್‌ಟಾಪ್ ಇನ್ನೊಬ್ಬರ ತೊಡೆಯ ಮೇಲೆ. ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್ ಜೊತೆಜೊತೆಗೆ ಏರುತ್ತವೆಯೇ? ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಕುಟ್ಟುವುದು) ತಡೆಯಲು ಇಗ್ನಿಶನ್ ಟೈಮಿಂಗ್ ಒಂದೇ ಸಿಲಿಂಡರಿನಲ್ಲಿ ಪದೇಪದೇ ಹಿಂದೆ ಸರಿಯುತ್ತಿದೆಯೇ? ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲ್ ಪ್ರಮಾಣಕ್ಕೆ ಮಾಡುವ ತಿದ್ದುಪಡಿ) ಶೇ 10 ದಾಟಿದೆಯೇ? ಇವುಗಳಲ್ಲಿ ಒಂದು ತಪ್ಪಿದ್ದರೂ ರೀಮ್ಯಾಪ್ ಆ ಕಾಯಿಲೆಯನ್ನು ಉಲ್ಬಣ ಮಾಡುತ್ತದೆ, ಅಷ್ಟೇ.

ಕಾರಣ ಸಾಮಾನ್ಯವಾಗಿ ಸಣ್ಣದೇ ಇರುತ್ತದೆ. ಸ್ಪಾರ್ಕ್ ಪ್ಲಗ್ ಸವೆದಿರುತ್ತದೆ, ಕಾಯಿಲ್ ದುರ್ಬಲವಾಗಿರುತ್ತದೆ. ಬೂಸ್ಟ್ ಹೆಚ್ಚಿದಷ್ಟೂ ಪ್ಲಗ್‌ನ ಸಂದಿಯಲ್ಲಿ ಕಿಡಿ ಹಾರುವುದು ಕಷ್ಟ, ಹಾಗಾಗಿ ರೀಮ್ಯಾಪ್ ಮಾಡಿಸುವವರು ಸಂದಿ ಕಿರಿದು ಮಾಡಿ, ಒಂದು ಹೆಜ್ಜೆ ತಂಪಿನ (ಬಿಸಿಯನ್ನು ಬೇಗ ಬಿಟ್ಟುಕೊಡುವ) ಪ್ಲಗ್ ಹಾಕುತ್ತಾರೆ. ಕೊಳ್ಳುವಾಗ ಹುಷಾರು: ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ತಂಪು, ಬಾಷ್‌ನಲ್ಲಿ ಅದು ಉಲ್ಟಾ.

ಇಂಗಾಲದ ಕಥೆಯೂ ಇದೆ. ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ನೇರವಾಗಿ ಸಿಲಿಂಡರಿನೊಳಗೆ ಚಿಮ್ಮುತ್ತದೆ, ಇನ್‌ಟೇಕ್ ವಾಲ್ವ್‌ಗಳನ್ನು ತೊಳೆಯುವುದಿಲ್ಲ. ಬ್ರೀದರ್‌ನಿಂದ ಬರುವ ಆಯಿಲ್ ಆವಿ ಅಲ್ಲಿ ಕೂತು ಕಪ್ಪಗೆ ಗಟ್ಟಿಯಾಗುತ್ತದೆ. ಟ್ಯಾಂಕಿಗೆ ಸುರಿಯುವ ಯಾವ ಬಾಟಲಿ ದ್ರಾವಣವೂ ಅಲ್ಲಿಗೆ ತಲುಪುವುದಿಲ್ಲ. ಮ್ಯಾನಿಫೋಲ್ಡ್ ಬಿಚ್ಚಿ, ಆಕ್ರೋಟಿನ ಚಿಪ್ಪಿನ ಪುಡಿಯನ್ನು ಗಾಳಿಯಲ್ಲಿ ಹೊಡೆದು ಸ್ವಚ್ಛ ಮಾಡುವ ವಿಧಾನ ಇದೆ, ಅದನ್ನು ಮಾಡಿ ಕೈ ಪಳಗಿದವರಿಗೇ ಬಿಡಿ.

ಇಷ್ಟೆಲ್ಲ ಸರಿಯಿದ್ದು ರೀಮ್ಯಾಪ್ ಬೇಕೇ ಬೇಕೆಂದರೆ, ನಿಮ್ಮ ಕಾರಿನ ಲಾಗ್ ನೋಡಿ ಫೈಲ್ ತಿದ್ದುವವರ ಹತ್ತಿರ ಹೋಗಿ. ಮೂಲ ಫೈಲ್ ನಿಮ್ಮ ಬಳಿ ಇರಲಿ. ಬರೆಯುವಾಗ ಬ್ಯಾಟರಿಗೆ ಚಾರ್ಜರ್ ಕೊಟ್ಟಿರಬೇಕು, ನಡುವೆ ವೋಲ್ಟೇಜ್ ಇಳಿದರೆ ಇಸಿಯು ಸತ್ತುಹೋಗಬಹುದು. ಅಗ್ಗದ ನಕಲಿ ಕೇಬಲ್‌ಗಳು ಕೈಕೊಡುವುದೂ ಅಲ್ಲೇ.

ಕಾನೂನಿನ ಮಾತನ್ನೂ ಹೇಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಕಾಯ್ದೆ ಒಪ್ಪದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಎಂದಾಯಿತು. ವಿಮಾ ಕಂಪನಿಗೆ ತಿಳಿಸದ ಮಾರ್ಪಾಡು ಕ್ಲೇಮಿನ ಹೊತ್ತಿಗೆ ಕುತ್ತಾಗಬಹುದು. ಒಳ್ಳೆಯ ಟೈರು, ಬ್ರೇಕ್ ಪ್ಯಾಡ್, ಎರಡು ವರ್ಷಕ್ಕೊಮ್ಮೆ ಹೊಸ ಬ್ರೇಕ್ ಫ್ಲೂಯಿಡ್ – ಇವಕ್ಕೆ ಯಾರ ತಕರಾರೂ ಇಲ್ಲ, ಕಾರಿನ ಸ್ವಭಾವವೇ ಬದಲಾಗುತ್ತದೆ.

ಗೇರ್ ಬದಲಿಸುವಾಗ ‘ಪುಸ್’ ಎನ್ನುವ ಸದ್ದಿಗೆ ಬ್ಲೋ-ಆಫ್ ವಾಲ್ವ್ ಹಾಕಿಸಿದರೆ ಪವರ್ ಹೆಚ್ಚುತ್ತದೆಯೇ? (ಮಂಗಳೂರು)

ಇಲ್ಲ. ಏರ್‌ಫ್ಲೋ ಸೆನ್ಸರ್ ಇರುವ ಕಾರಾದರೆ ತೊಂದರೆಯೇ ಹೆಚ್ಚು: ಸೆನ್ಸರ್ ಆಗಲೇ ಲೆಕ್ಕ ಹಾಕಿದ ಗಾಳಿಯನ್ನು ನೀವು ಹೊರಗೆ ಬಿಡುತ್ತೀರಿ, ಇಸಿಯು ಇಲ್ಲದ ಗಾಳಿಗೂ ಪೆಟ್ರೋಲ್ ಹಾಕುತ್ತದೆ. ಗೆಳೆಯರು ತಿರುಗಿ ನೋಡುತ್ತಾರೆ, ಟ್ರಾಫಿಕ್ ಪೊಲೀಸರೂ ನೋಡುತ್ತಾರೆ.

ಟರ್ಬೊ ಕಾರನ್ನು ಆಫ್ ಮಾಡುವ ಮೊದಲು ಎರಡು ನಿಮಿಷ ಐಡಲ್ ಬಿಡಬೇಕು ಅಂತ ನಮ್ಮ ಚಿಕ್ಕಪ್ಪ ಹೇಳುತ್ತಾರೆ. ಹೊಸ ಕಾರುಗಳಿಗೂ ಬೇಕಾ? (ಮೈಸೂರು)

ಚಿಕ್ಕಪ್ಪನವರ ಕಾಲದ ಕಾರುಗಳಿಗೆ ಅದು ನೂರಕ್ಕೆ ನೂರು ಸರಿ. ಕೆಂಪಗೆ ಕಾದ ಟರ್ಬೊದಲ್ಲಿ ಆಯಿಲ್ ಹರಿವು ತಟ್ಟನೆ ನಿಂತರೆ ಅಲ್ಲೇ ಉಳಿದದ್ದು ಬಾಣಲೆಯ ತಳ ಹಿಡಿದ ಎಣ್ಣೆಯಂತೆ ಕರಕಲಾಗಿ ಬೇರಿಂಗನ್ನು ತಿನ್ನುತ್ತದೆ. ಈಗಿನ ಹಲವು ಕಾರುಗಳಲ್ಲಿ ಟರ್ಬೊ ಸುತ್ತ ಕೂಲೆಂಟ್ ಹರಿಯುತ್ತದೆ, ಎಂಜಿನ್ ನಿಂತ ಮೇಲೂ ವಿದ್ಯುತ್ ಪಂಪ್ ಅದನ್ನು ಸ್ವಲ್ಪ ಹೊತ್ತು ತಿರುಗಿಸುತ್ತದೆ. ಆಫೀಸಿನಿಂದ ಮನೆಗೆ ನಿಧಾನವಾಗಿ ಬಂದಿದ್ದರೆ ಕಾಯುವ ಅಗತ್ಯವಿಲ್ಲ. ಚಾಮುಂಡಿ ಬೆಟ್ಟವನ್ನು ಜೋರಾಗಿ ಹತ್ತಿ ಮೇಲೆ ನಿಲ್ಲಿಸುವಾಗ ಮಾತ್ರ ಒಂದು ನಿಮಿಷ ಬಿಡಿ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದ ಕೂಡಲೇ ಗೇಟಿನಿಂದಲೇ ರೇಸ್ ಮಾಡಿಕೊಂಡು ಹೋಗುವವರಿಗೆ ಸಂಜೆಯ ಐಡಲ್‌ನಿಂದ ಏನೂ ಪ್ರಯೋಜನವಿಲ್ಲ.

ಇಷ್ಟಕ್ಕೂ ಆಯಿಲ್ ಹಳೆಯದಾಗಿದ್ದರೆ ಐಡಲ್ ಬಿಟ್ಟೂ ದಂಡ. ಸರ್ವಿಸ್ ಪುಸ್ತಕ 15,000 ಕಿ.ಮೀ. ಎಂದಿದ್ದರೂ ಪೇಟೆಯ ಟ್ರಾಫಿಕ್ಕಿನಲ್ಲಿ ಓಡುವ ಟರ್ಬೊ ಕಾರಿಗೆ 7,500ಕ್ಕೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ ಎನ್ನುವವನು ನಾನು. ಮನೆಯಲ್ಲೇ ಮಾಡುವುದಾದರೆ ಬರೀ ಜಾಕ್ ನಂಬಿ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಇಡಿ. ಹಳೆಯ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ತುಂಬಿ, ರೀಸೈಕಲ್‌ಗೆ ಕಳಿಸುವ ಸರ್ವಿಸ್ ಸೆಂಟರ್‌ಗೆ ಕೊಡಿ.

ಇಲ್ಲಿ ಹಳೆಯ 2006ರ ಗಾಲ್ಫ್ ಜಿಟಿಐ ಕೊಂಡಿದ್ದೇನೆ, 2.0 ಟಿಎಫ್‌ಎಸ್‌ಐ. ಹಿಂದಿನ ಮಾಲೀಕ ರೀಮ್ಯಾಪ್ ಮಾಡಿಸಿದ್ದಾನಂತೆ. ಕಾಗದ ಏನೂ ಕೊಟ್ಟಿಲ್ಲ. ಮೊದಲು ಏನು ನೋಡಲಿ? (ಮ್ಯೂನಿಕ್, ಜರ್ಮನಿ)

ಎಲ್ಲಕ್ಕಿಂತ ಮೊದಲು ಕ್ಯಾಮ್ ಫಾಲೋವರ್. ಆ ಎಂಜಿನ್‌ನ ಹೈ ಪ್ರೆಶರ್ ಪೆಟ್ರೋಲ್ ಪಂಪನ್ನು ಕ್ಯಾಮ್‌ಶಾಫ್ಟ್ ನಡೆಸುತ್ತದೆ, ನಡುವೆ ಬಟ್ಟಲಿನಾಕಾರದ ಸಣ್ಣ ಉಕ್ಕಿನ ತುಂಡೊಂದು ಉಜ್ಜಾಟ ತಡೆದುಕೊಂಡಿರುತ್ತದೆ. ಅದರ ತಲೆಯ ಮೇಲಿನ ಕಪ್ಪು ಲೇಪ ಹಾಗೇ ಇದ್ದರೆ ನೆಮ್ಮದಿ. ಲೇಪ ಹೋಗಿ ಬೆಳ್ಳಗೆ ಲೋಹ ಕಂಡರೆ ಅಂದೇ ಬದಲಿಸಿ. ತೂತು ಬೀಳುವವರೆಗೆ ಬಿಟ್ಟರೆ ಪಂಪ್ ಮತ್ತು ಕ್ಯಾಮ್‌ಶಾಫ್ಟ್ ಎರಡೂ ಹೋಗುತ್ತವೆ. ಪಂಪ್ ನಿಂತಿರುವುದು ಮೂರು ಬೋಲ್ಟ್‌ಗಳ ಮೇಲೆ, ಕೆಲಸ ಕಷ್ಟದ್ದಲ್ಲ. ಆದರೆ ಎಂಜಿನ್ ತಣ್ಣಗಾಗಿ, ಇಂಧನದ ಒತ್ತಡ ಇಳಿಸಿದ ಮೇಲೆಯೇ ಕೈ ಹಾಕಿ. ರೀಮ್ಯಾಪ್ ಆದ ಕಾರಿನಲ್ಲಿ 20 ಸಾವಿರ ಕಿ.ಮೀ.ಗೊಮ್ಮೆ ಬಿಚ್ಚಿ ನೋಡುವುದು ಜಾಣತನ. ಜೊತೆಗೆ ಡೈವರ್ಟರ್ ವಾಲ್ವ್ ನೋಡಿ, ಈ ಮಾದರಿಯ ಆರಂಭದ ಕಾರುಗಳಲ್ಲಿ ಅದರ ರಬ್ಬರ್ ಪೊರೆ ಹರಿಯುವುದು ಮಾಮೂಲು. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದು ಎಂಬ ದಾಖಲೆ ಇಲ್ಲದಿದ್ದರೆ ಬದಲಿಸಿಲ್ಲ ಎಂದೇ ಲೆಕ್ಕ.

ಕಾಗದವಿಲ್ಲದ ರೀಮ್ಯಾಪ್ ನಿಮ್ಮಲ್ಲಿ ದೊಡ್ಡ ತಲೆನೋವು. ಟಿಯುವಿಯಂಥ ಸಂಸ್ಥೆಯ ತಪಾಸಣೆಯಾಗಿ ದಾಖಲಾಗದಿದ್ದರೆ ರಸ್ತೆಗಿಳಿಯುವ ಪರವಾನಗಿಯೇ ರದ್ದಾಗುತ್ತದೆ, ವಿಮೆಯದೂ ರಗಳೆ. ಮೂಲ ಫೈಲ್ ವಾಪಸ್ ಹಾಕಿಸಿಬಿಡಿ. ನಿಮ್ಮ ಅಪಾರ್ಟ್‌ಮೆಂಟಿನ ಅಂಗಳದಲ್ಲಿ ಆಯಿಲ್ ಬದಲಿಸಲು ಹೋಗಬೇಡಿ, ಗಂಟೆ ಲೆಕ್ಕದಲ್ಲಿ ಲಿಫ್ಟ್ ಬಾಡಿಗೆಗೆ ಕೊಡುವ ಗ್ಯಾರೇಜುಗಳು ಅಲ್ಲಿವೆ.

ಐ20 ಎನ್ ಲೈನ್ ಟರ್ಬೊಗೆ 100 ಆಕ್ಟೇನ್ ಪೆಟ್ರೋಲ್ ಹಾಕಿದರೆ ಲಾಭವೇ? (ಹುಬ್ಬಳ್ಳಿ)

ಆಕ್ಟೇನ್ ಅಂದರೆ ಶಕ್ತಿ ಅಲ್ಲ, ನಾಕಿಂಗ್ ತಡೆಯುವ ಗುಣ. ಕಂಪನಿ ಹೇಳಿದ ಆಕ್ಟೇನಿಗೆ ಹೊಂದಿಸಿದ ಇಸಿಯು ಅದಕ್ಕಿಂತ ಮೇಲಿನದನ್ನು ಪೂರ್ತಿ ಬಳಸಿಕೊಳ್ಳುವುದು ಅನುಮಾನ. ಬೇಸಿಗೆಯಲ್ಲಿ ಗಾಡಿ ತುಂಬ ಜನ ಕೂತು ಘಾಟಿ ಹತ್ತುವಾಗ ಕೊಂಚ ಅನುಕೂಲ ಆದೀತು. ದಿನಾ ಹಾಕುವಷ್ಟು ಲಾಭ ನನಗೆ ಕಾಣುವುದಿಲ್ಲ.

ಅದಕ್ಕಿಂತ ಮುಖ್ಯವಾದದ್ದು ಗೇರ್. ಸಣ್ಣ ಟರ್ಬೊ ಎಂಜಿನ್‌ಗೆ 1,500 ಸುತ್ತಿನಲ್ಲೇ ಬಲ ಬರುತ್ತದೆಂದು ಮೇಲಿನ ಗೇರಿನಲ್ಲಿ ಇಟ್ಟು ಆಕ್ಸಿಲರೇಟರ್ ಪೂರ್ತಿ ತುಳಿಯುವವರಿದ್ದಾರೆ. ಕಿಡಿ ಬೀಳುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ ಒಡೆಯುವ ಅಪಾಯ ಇರುವುದು ಅಂಥ ಕಡೆಯೇ. ಒಂದು ಗೇರ್ ಇಳಿಸಿ, ಸುತ್ತು ಏರಿಸಿಕೊಂಡು ಹತ್ತಿ. ಆಯಿಲ್ ಡಬ್ಬಿಯ ಮೇಲೆ ಎಪಿಐ ಎಸ್‌ಪಿ ಎಂದಿದೆಯೇ ನೋಡಿ. 2020ರಲ್ಲಿ ಬಂದ ಆ ದರ್ಜೆಯ ಪರೀಕ್ಷೆಯಲ್ಲಿ ಈ ಅವಧಿಪೂರ್ವ ಉರಿಯ ತಡೆಯೂ ಸೇರಿದೆ. ಆಯಿಲ್ ಎಷ್ಟು ದಪ್ಪ ಎನ್ನುವ ಗ್ರೇಡ್ ಮಾತ್ರ ನಿಮ್ಮ ಕಾರಿನ ಪುಸ್ತಕದಲ್ಲಿ ಹೇಳಿದ್ದೇ ಇರಲಿ.