ರೆಜಿಸ್ಟ್ರೇಷನ್ ಇಲ್ದೆ ಗ್ರ್ಯಾಂಟ್ ಸಿಗುತ್ತಾ ಅನ್ನೋ ಪ್ರಶ್ನೆಗೆ

ಹೊರಗಿಂದ ಬಂದು ಎಲ್ಲ ಕಡೆ ಹಬ್ಬೋ ಲಂಟಾನ ಪೊದೆ ತೆಗೆದು ಹುಲ್ಲುಗಾವಲು ವಾಪಸ್ ತರ್ಬೇಕು, ನಮ್ಮ ಗುಂಪು ರೆಜಿಸ್ಟರ್ ಆಗಿಲ್ಲ, ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದೀರಲ್ಲ, ಮೊದ್ಲು ರಫರ್ಡ್ ಫೌಂಡೇಶನ್ ನೋಡಿ, ಪ್ರಕೃತಿ ಉಳಿಸೋ ಕೆಲಸಕ್ಕೆ ದುಡ್ಡು ಕೊಡೋ ಬ್ರಿಟನ್‌ನ ಸಂಸ್ಥೆ. ಅದು ಸಣ್ಣ ಗುಂಪಿಗೂ ಒಬ್ಬೊಬ್ಬರಿಗೂ ಕೊಡತ್ತೆ, ಆದ್ರೆ ನಿಮ್ಮ ಕೆಲಸ ಗೊತ್ತಿರೋರ ರೆಫರೆನ್ಸ್ ಬೇಕು, ಅವ್ರನ್ನ ಈಗ್ಲೇ ಕೇಳಿಟ್ಕೊಳ್ಳಿ. ಅಬುಧಾಬಿಯ ಮೊಹಮ್ಮದ್ ಬಿನ್ ಝಾಯೆದ್ ಸ್ಪೀಷೀಸ್ ಕನ್ಸರ್ವೇಶನ್ ಫಂಡ್ 25,000 ಡಾಲರ್ ತನಕ ಕೊಡತ್ತೆ, ಆದ್ರೆ ಅದು ಒಂದು ನಿರ್ದಿಷ್ಟ ಜೀವಿಯ ಉಳಿವಿಗೆ, ಬರೀ ಜಾಗದ ಹೆಸರಲ್ಲಿ ಬರೆದ್ರೆ ಆಗಲ್ಲ.

ಅಪ್ಲಿಕೇಶನ್‌ನಲ್ಲಿ ಬರೆಯೋ ಬಜೆಟ್ ಬಗ್ಗೆ ಹೇಳ್ಲೇಬೇಕು, ಯಾಕಂದ್ರೆ ಒಳ್ಳೆ ಕೆಲಸಗಳು ಇಲ್ಲೇ ಬಿದ್ದೋಗ್ತವೆ, ನೋಡಿದ್ರೆ ಸಂಕಟ ಆಗತ್ತೆ. ಲಂಟಾನ ಮೇಲ್ಮೇಲೆ ಕತ್ತರಿಸಿದ್ರೆ ಬುಡದಿಂದ ಮತ್ತೆ ಚಿಗುರತ್ತೆ, ಮಣ್ಣೊಳಗೆ ಒಂದೆರಡು ಇಂಚು ಕೆಳಗೆ ಬೇರು ಕಡಿದು ಗಿಡ ತಲೆಕೆಳಗಾಗಿ ಒಣಗೋಕೆ ಬಿಡ್ಬೇಕು, ಆಮೇಲೂ ಹಕ್ಕಿಗಳು ಹಣ್ಣು ತಿಂದು ಬೀಜ ತಂದು ಹಾಕ್ತಾನೇ ಇರ್ತವೆ, ಹಾಗಾಗಿ ಎರಡನೇ ವರ್ಷ, ಮೂರನೇ ವರ್ಷ ಹೊಸ ಲಂಟಾನ ಸಸಿ ಕೀಳೋ ಕೂಲಿನೂ ಬಜೆಟ್‌ನಲ್ಲಿ ಬರ್ಲೇಬೇಕು. ಅದಿಲ್ಲದ ಬಜೆಟ್ ನೋಡಿದ್ರೆ ಇವ್ರಿಗೆ ಕೆಲಸ ಗೊತ್ತಿಲ್ಲ ಅಂತ ಓದೋರಿಗೆ ತಕ್ಷಣ ಗೊತ್ತಾಗತ್ತೆ.

ಜಾಗದ ಮಾಲೀಕರು ಯಾರೇ ಇರ್ಲಿ, ಖಾಸಗಿಯವರೋ ಅರಣ್ಯ ಇಲಾಖೆನೋ, ಒಪ್ಪಿಗೆ ಪತ್ರ ಬರವಣಿಗೆಲಿ ತಗೊಳ್ಳಿ.

ಇನ್ನೊಂದು, ಕತ್ತಿ ಹಿಡಿಯೋ ಮೊದ್ಲೇ ನಾಲ್ಕೈದು ಕಡೆ ಗೂಟ ನೆಟ್ಟು ಅಲ್ಲಿಂದ್ಲೇ, ಅದೇ ದಿಕ್ಕಿಗೆ ಫೋಟೋ ತೆಗೀರಿ, ಪ್ರತಿ ವರ್ಷ ಅದೇ ತಿಂಗಳು ಮತ್ತೆ ತೆಗೀರಿ. ಎರಡನೇ ಗ್ರ್ಯಾಂಟ್ ಕೇಳೋವಾಗ ಇದಕ್ಕಿಂತ ಗಟ್ಟಿ ಸಾಕ್ಷಿ ಸಣ್ಣ ಗುಂಪಿಗೆ ಸಿಗಲ್ಲ. ಡ್ರಾಫ್ಟ್ ಆದ್ಮೇಲೆ ಬಜೆಟ್ ಭಾಗ ಇಲ್ಲಿ ಹಾಕಿ, ಖಂಡಿತ ಓದಿ ಹೇಳ್ತೀನಿ.