ಹಯೆಕ್‌ಗೂ ರಾಲ್ಸ್‌ಗೂ ಎಲ್ಲಿಂದೆಲ್ಲಿಯ ನಂಟು?

ಪ್ರಶ್ನೆ: ಸರ್, ನಾನು ಎಂ.ಎ. ಪೊಲಿಟಿಕಲ್ ಸೈನ್ಸ್ ಓದ್ತಿದೀನಿ. ಅರ್ಥಶಾಸ್ತ್ರಜ್ಞ ಹಯೆಕ್ ಮಾರ್ಕೆಟ್ ಕಡೆ, ಅಮೆರಿಕದ ತತ್ವಶಾಸ್ತ್ರಜ್ಞ ರಾಲ್ಸ್ ಬಡವರ ಕಡೆ, ಇಬ್ರೂ ಎಣ್ಣೆ ಸೀಗೆಕಾಯಿ ಅಂತ ಕ್ಲಾಸಲ್ಲಿ ಹೇಳ್ಕೊಟ್ರು. ನೀವು ಹೋದ ಸಂಚಿಕೇಲಿ ಇಬ್ರೂ ಹತ್ತಿರದೋರು ಅಂದ್ರಿ. ಹೇಗೆ?
– ಓದುಗ, ದಾವಣಗೆರೆ

ಉತ್ತರ: ನಾನಲ್ಲ ಕಣ್ರೀ ಹೇಳಿದ್ದು, ಹಯೆಕ್ಕೇ ಹೇಳಿದ್ದು. ನ್ಯಾಯದ ಬಗ್ಗೆ ರಾಲ್ಸ್ ಬರೆದ ‘ಎ ಥಿಯರಿ ಆಫ್ ಜಸ್ಟಿಸ್’ ಪುಸ್ತಕ 1971ರಲ್ಲಿ ಬಂತು, 1976ರಲ್ಲಿ ಹಯೆಕ್ ಸಾಮಾಜಿಕ ನ್ಯಾಯ ಅನ್ನೋದೇ ಮರೀಚಿಕೆ ಅಂತ ಇಡೀ ಒಂದು ಸಂಪುಟ ಬರೆದ, ಸರಿ ರಾಲ್ಸ್‌ಗೆ ಚೆನ್ನಾಗಿ ಝಾಡಿಸಿರ್ತಾನೆ ಅನ್ಕೊಂಡು ಮುನ್ನುಡಿ ತೆಗೆದ್ರೆ, ನಮ್ಮಿಬ್ರ ಭೇದ ಹೆಚ್ಚಾಗಿ ಮಾತಿಂದೇ, ತಿರುಳಿಂದಲ್ಲ ಅನ್ನೋ ಅರ್ಥದಲ್ಲಿ ಬರ್ಕೊಂಡಿದಾನೆ!

ದುಡ್ಡು ಮಾಡಿದೋರೆಲ್ಲ ಯೋಗ್ಯತೆಯಿಂದಲೇ ಮಾಡಿದ್ರು ಅನ್ನೋದನ್ನ ಇಬ್ರೂ ಒಪ್ಪಲ್ಲ. ಯಾವ ಮನೇಲಿ ಹುಟ್ಟಿದೆ, ಎಷ್ಟು ಬುದ್ಧಿ ಹೊತ್ಕೊಂಡು ಹುಟ್ಟಿದೆ ಅನ್ನೋದು ನಿನ್ನ ಸಂಪಾದನೆ ಅಲ್ಲ ಅಂತಾನೆ ರಾಲ್ಸ್. ಹಯೆಕ್ ಇದಕ್ಕೂ ಮುಂಚೆ, 1960ರಲ್ಲೇ, ಮಾರ್ಕೆಟ್ ಕಾಸು ಕೊಡೋದು ನಿನ್ನ ಕೆಲ್ಸ ಬೇರೆಯೋರಿಗೆ ಎಷ್ಟು ಬೆಲೆ ಬಾಳುತ್ತೆ ಅನ್ನೋದಕ್ಕೆ, ನಿನ್ನ ಶ್ರಮಕ್ಕೋ ಒಳ್ಳೇತನಕ್ಕೋ ಅಲ್ಲ ಅಂದಿದ್ದ. (ಮಾರ್ಕೆಟ್ ಭಕ್ತರು ಈ ಪುಟ ಯಾಕೋ ಹಾರಿಸ್ಬಿಡ್ತಾರೆ.)

ರಾಲ್ಸ್‌ನ ಅಜ್ಞಾನದ ಪರದೆ ಗೊತ್ತಲ್ಲ, ನಾನು ಯಾರಾಗಿ ಹುಟ್ತೀನೋ ಗೊತ್ತಿಲ್ದೇ ಸಮಾಜದ ನಿಯಮ ಆರಿಸೋದು. ಹಯೆಕ್ ಹೆಚ್ಚುಕಡಿಮೆ ಇದನ್ನೇ ನಿಜವಾಗಿ ಮಾಡಿದ್ದ. 1940ರಲ್ಲಿ ಲಂಡನ್ ಮೇಲೆ ಬಾಂಬಿನ ಭಯ, ತನ್ನ ಮಕ್ಕಳನ್ನ ಹೊರದೇಶದ ಯಾವುದಾದ್ರೂ ಮನೆಗೆ ಕಳಿಸ್ಬೇಕಾಗ್ಬಹುದು, ಯಾರ ಮನೆ ಅನ್ನೋದು ಅದೃಷ್ಟ. ಅರ್ಜೆಂಟೀನಾನೋ ಸ್ವೀಡನ್ನೋ ಅಮೆರಿಕಾನೋ ಅಂತ ತೂಗಿ ಅಮೆರಿಕ ಅಂದ. ಆಮೇಲೆ ಇದನ್ನ ಬರೆಯೋವಾಗ, ಮಕ್ಕಳು ಬಿಳಿಯರ ಮನೇಗೇ ಹೋಗ್ತಾರೆ ಅಂತ ಮನಸ್ಸಲ್ಲೇ ಅನ್ಕೊಂಡಿದ್ದೆ ಅಂತಾನೂ ಒಪ್ಕೊಂಡಿದಾನೆ! ರಾಲ್ಸ್‌ನ ಪರದೆ ಹಿಂದೆ ನಿಂತೋರಿಗೆ ಇಷ್ಟು ಇಣುಕೋಕೂ ಬಿಡಲ್ಲ.

ಹಾಗಂತ ಇಬ್ರೂ ಒಂದೇ ಅಂತ ಪರೀಕ್ಷೇಲಿ ಬರೀಬೇಡಿ ಮಾರಾಯ್ರೆ. ಯಾರೂ ಒಂದು ಮಟ್ಟಕ್ಕಿಂತ ಕೆಳಗೆ ಬೀಳ್ದೇ ಇರೋ ಹಾಗೆ ಸರ್ಕಾರ ಕನಿಷ್ಠ ಆದಾಯ ಕೊಡ್ಲಿ ಅನ್ನೋವರ್ಗೆ ಹಯೆಕ್ ಬರ್ತಾನೆ, ಅದರ ಮೇಲಿನ ಹಂಚಿಕೇನ ನ್ಯಾಯ ಅನ್ಯಾಯ ಅಂತ ಅಳೆಯೋದಕ್ಕೇ ಅರ್ಥ ಇಲ್ಲ ಅಂತಾನೆ. ರಾಲ್ಸ್ ಅಲ್ಲಿಗೆ ನಿಲ್ಲಲ್ಲ, ಅಸಮಾನತೆ ಇದ್ರೆ ಅದ್ರಿಂದ ಅತ್ಯಂತ ಕೆಳಗಿರೋನಿಗೆ ಹೆಚ್ಚು ಅನುಕೂಲ ಆಗ್ಬೇಕು ಅಂತ ಪಟ್ಟು ಹಿಡೀತಾನೆ. ಲೈಬ್ರರೀಲಿ ಹಯೆಕ್‌ನ ಆ 1976ರ ಸಂಪುಟ ಸಿಕ್ರೆ ಮುನ್ನುಡಿ ಮಾತ್ರ ಓದಿ ನಿಮ್ಮ ಮೇಷ್ಟ್ರಿಗೆ ತೋರಿಸಿ, ಏನಂದ್ರು ಅಂತ ನಮಗೂ ಬರೀರಿ.